ಡಾಕ್ಟ್ರಮ್ಮ ವಿಮಾನ ಮಾರಿದ್ದು

ಗುಬ್ಬಿಯ ಡಾಕ್ಟ್ರಮ್ಮ ತೀರಿಕೊಂಡ ಮೇಲೆ ಒಂದು ಸಭೆ ಮಾಡಿದರು. ಮೈಕಿನ ಮುಂದೆ ನಿಂತವರೆಲ್ಲ ಅವರನ್ನು ತಾಯಿ ಎಂದರು, ದೇವತೆ ಎಂದರು, ಮೃದು ಮಾತಿನವರು ಎಂದರು. ಮೃದು ಮಾತು ಎಂದಾಗ ನನಗೆ ನಗು ಬಂತು. ಹೆರಿಗೆ ನೋವಿನಲ್ಲಿ ಕೂಗುವವಳಿಗೆ "ಕೂಗಿದ್ರೆ ಮಗು ಬರಲ್ಲ, ತಿಣುಕು" ಎನ್ನುತ್ತಿದ್ದ ಬಾಯಿ ಅದು. ಅವರ ಹತ್ತಿರ ಒಂದು ಸ್ವಂತ ವಿಮಾನ ಇತ್ತು ಎಂಬುದನ್ನೂ ಒಬ್ಬರು ಹೇಳಿದರು. ಯಾರದೋ ಮನೆಯ ಗಿಳಿಯ ವಿಷಯ ಹೇಳುವ ಹಾಗೆ ಹೇಳಿ, ನಗಿಸಿ, ಕುಳಿತುಕೊಂಡರು. ಆ ವಿಮಾನವನ್ನು ಡಾಕ್ಟ್ರಮ್ಮ ಮಾರಿದ್ದನ್ನು ಪಕ್ಕದಲ್ಲಿ ನಿಂತು ನೋಡಿದವಳು ನಾನು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಸಭೆಯಲ್ಲಿ ಮಾತಾಡಿ ಅಭ್ಯಾಸವಿಲ್ಲ. ಅದಕ್ಕೇ ಬರೆದಿದ್ದೇನೆ.

ನಮ್ಮದು ನಿಟ್ಟೂರಿನ ಹೊರಗೆ ತೋಟದ ಮನೆ. ನನ್ನ ಹಿರಿಮಗ ಹುಟ್ಟಿದ್ದು ಗುಬ್ಬಿಯಲ್ಲಿ, ಡಾಕ್ಟ್ರಮ್ಮನ ಕೈಯಲ್ಲಿ. ಹುಟ್ಟುವಾಗಲೇ ಅವನ ಬಲಗಾಲಿನ ಪಾದ ಒಳಕ್ಕೆ ತಿರುಚಿಕೊಂಡಿತ್ತು. ನಮ್ಮತ್ತೆ ಕೂಡಲೇ ಅದಕ್ಕೆ ಬಟ್ಟೆ ಸುತ್ತಿ, "ನಾಮಕರಣ ಆಗೋಗಂಟ ಯಾರ್ಗೂ ತೋರಿಸ್ಬೇಡ" ಎಂದು ನನ್ನ ಕಿವಿಯಲ್ಲಿ ಹೇಳಿದರು. ಡಾಕ್ಟ್ರಮ್ಮ ಆ ಬಟ್ಟೆ ಕಿತ್ತೆಸೆದರು. ವಾರ್ಡಿನಲ್ಲಿದ್ದ ಬಾಣಂತಿಯರು, ಅವರನ್ನು ನೋಡಲು ಬಂದವರು, ಕಾಫಿ ತಂದವನು, ಎಲ್ಲರಿಗೂ ಕಾಣುವ ಹಾಗೆ ಮಗುವಿನ ಕಾಲು ಎತ್ತಿ ಹಿಡಿದರು.

"ನೋಡ್ಕೊಳ್ಳಿ ಎಲ್ರೂ. ಪಾದ ಸೊಟ್ಟ ಇದೆ. ನೋಡಿದ್ದಾಯ್ತಾ? ಏನಜ್ಜಿ, ಬಟ್ಟೆ ಮುಚ್ಚಿಟ್ರೆ ವಾಸಿ ಆಗುತ್ತಾ?"

ನಮ್ಮತ್ತೆ ಭೂಮಿಗಿಳಿದು ಹೋದರು. ಆಮೇಲೆ ಎಷ್ಟೋ ದಿನ ಡಾಕ್ಟ್ರಮ್ಮನಿಗೆ ಶಾಪ ಹಾಕಿದರು. ಡಾಕ್ಟ್ರಮ್ಮ ತಮ್ಮದೇ ಕಾರಿನಲ್ಲಿ ನಮ್ಮನ್ನು ತುಮಕೂರಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ ಮಗುವಿನ ಕಾಲಿಗೆ ಸಿಮೆಂಟಿನ ಬಿಳಿ ಪಟ್ಟು ಹಾಕಿಸಿದರು. ಬಿಚ್ಚಿ ಹಾಕಿ, ಬಿಚ್ಚಿ ಹಾಕಿ, ಕಾಲು ನೆಟ್ಟಗಾಯಿತು. ಅವನೀಗ ಗೂಡ್ಸ್ ಗಾಡಿ ಓಡಿಸುತ್ತಾನೆ. ಬ್ರೇಕ್ ತುಳಿಯುವುದು ಅದೇ ಕಾಲಿನಲ್ಲಿ.

ವಿಮಾನ ಹಾರಿಸುವುದನ್ನು ಡಾಕ್ಟ್ರಮ್ಮ ಕಲಿತದ್ದು ಬೆಂಗಳೂರಿನಲ್ಲಿ ಡಾಕ್ಟರಿಕೆ ಓದುವಾಗ. ಮುಂದೆ ಯಾರೋ ಬೇಡವೆಂದು ಬಿಟ್ಟ ಎರಡು ಸೀಟಿನ ಹಳೇ ವಿಮಾನ ಕೊಂಡುಕೊಂಡರು. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದವರಿಗೆ, "ಪಕ್ಕದ ಸೀಟು ಖಾಲಿ ಇದ್ರೆ ಬೇಗ ಏಳುತ್ತೆ" ಎನ್ನುತ್ತಿದ್ದರು. ವಾರವೆಲ್ಲ ಹೆರಿಗೆ. ಭಾನುವಾರ ಬೆಂಗಳೂರಿಗೆ ಹೋಗಿ, ವಿಮಾನ ನಿಲ್ಲಿಸಿದ್ದ ಮೈದಾನದಿಂದ ಹಾರಿಸಿ ಬರುತ್ತಿದ್ದರಂತೆ. ನಾನು ನಂಬಿರಲಿಲ್ಲ.

ಒಂದು ಸಲ ಬೆಣ್ಣೆ ಕೊಡಲು ಹೋದಾಗ, "ನಿನ್ನ ಮನೆ ಹಿತ್ಲ ಕಡೆ ಹೆಂಚು ಸರಿದಿದೆ ಕಣೇ. ಮಳೆ ಬರೋಕೆ ಮುಂಚೆ ಕೂರಿಸು" ಎಂದರು.

"ನಮ್ಮನೆಗೆ ಯಾವಾಗ ಬಂದಿದ್ರಿ?"

"ಬಂದಿರ್ಲಿಲ್ಲ. ಮೇಲಿಂದ ಹೋದೆ."

ಮನೆಗೆ ಬಂದು ಏಣಿ ಹಾಕಿ ನೋಡಿದರೆ ಹೆಂಚು ಸರಿದಿತ್ತು. ನಮ್ಮನೆಯವರು ಅದೇ ಸೂರಿನಡಿ ಹುಟ್ಟಿ ಬೆಳೆದವರು, ಅವರಿಗೇ ಕಂಡಿರಲಿಲ್ಲ. ಅವತ್ತಿನಿಂದ ಭಾನುವಾರ ನಾನು ಅಂಗಳದಲ್ಲಿ ತಲೆ ಬಾಚಿಕೊಳ್ಳುವುದನ್ನು ಬಿಟ್ಟೆ.

ವಯಸ್ಸಾದ ಮೇಲೆ ಅವರ ಕಣ್ಣಿಗೆ ಏನೋ ಕಾಯಿಲೆ ಬಂತು. ಅಂಚಿನಲ್ಲಿರುವುದು ಕಾಣುತ್ತಿತ್ತು, ನೇರ ಎದುರಿಗಿರುವುದು ಮಸುಕು. "ನಿನ್ನ ಓಲೆ ಕಾಣುತ್ತೆ, ಮೂತಿ ಕಾಣಲ್ಲ. ಒಳ್ಳೇದೇ ಆಯ್ತು" ಎಂದರು. ಹೆರಿಗೆ ಮಾಡಿಸುವುದನ್ನು, ಯಾರೂ ಬಾಯಿ ಬಿಡುವ ಮೊದಲು, ತಾವೇ ನಿಲ್ಲಿಸಿದರು. ಹಾರಿಸುವ ಲೈಸೆನ್ಸೂ ಹೋಯಿತು. ವಿಮಾನದ ರೆಕ್ಕೆ ಬಿಚ್ಚಿ, ಲಾರಿಯ ಮೇಲೆ ತಂದು, ನಮ್ಮ ತೆಂಗಿನಕಾಯಿ ಸುಲಿಯುವ ಶೆಡ್ಡಿನಲ್ಲಿ ಮತ್ತೆ ಜೋಡಿಸಿ ನಿಲ್ಲಿಸಿದರು. ಮೇಲೆ ತಗಡು, ಸುತ್ತ ಗೋಡೆಯಿಲ್ಲ. ಗಾಳಿ ಈ ಕಡೆ ನುಗ್ಗಿ ಆ ಕಡೆ ಹೋಗುವ ಶೆಡ್ಡು.

"ಇದನ್ನ ಕಟ್ಟಬೇಕು" ಎಂದರು.

"ಯಾಕೆ, ಓಡೋಯ್ತದಾ?"

"ಜೋರು ಗಾಳಿ ಬಂದ್ರೆ ಇದಕ್ಕೆ ನಾನೂ ಬೇಡ, ಇಂಜಿನ್ನೂ ಬೇಡ. ತಾನೇ ಏಳುತ್ತೆ."

ನಾನು ದನಕ್ಕೆಂದು ಹೊಸೆಸಿಟ್ಟಿದ್ದ ನಾರಿನ ಹಗ್ಗ ಕೊಟ್ಟೆ. ನೆಲಕ್ಕೆ ಕಬ್ಬಿಣದ ಗೂಟ ಹೊಡೆದು ಎರಡು ರೆಕ್ಕೆಗೂ ಬಾಲಕ್ಕೂ ಹಗ್ಗ ಬಿಗಿದರು. ಪಕ್ಕದ ಕೊಟ್ಟಿಗೆಯಲ್ಲಿ ನನ್ನ ಹಸು, ಇಲ್ಲಿ ಅವರ ವಿಮಾನ.

ಭಾನುವಾರ ಬಂದು ಇಂಜಿನ್ ಸ್ಟಾರ್ಟ್ ಮಾಡುತ್ತಿದ್ದರು. ಅದಕ್ಕೆ ಕೀಲಿ ಕೈ ಇಲ್ಲ. ಮುಂದಿನ ಫ್ಯಾನನ್ನು ಕೈಯಲ್ಲಿ ಹಿಡಿದು ತಿರುಗಿಸಿ ಬಿಡಬೇಕು. ಒಳಗೆ ಒಬ್ಬರು ಕೂತು ಬ್ರೇಕ್ ಅದುಮಿ ಹಿಡಿಯಬೇಕು. ಆ ಒಬ್ಬರು ನಾನೇ. ಸೀರೆ ಮಂಡಿಗೆ ಸಿಕ್ಕಿಸಿ ಕೂರುತ್ತಿದ್ದೆ.

"ಬಿಟ್ಟೀಯಾ ಜೋಕೆ. ನೀನು ಕಾಲು ತೆಗೆದ್ರೆ ನನ್ನ ಕತ್ತು ತೆಗೀತೀಯ."

"ಕಾಲು ಜೋಂ ಹಿಡೀತಾ ಐತೆ, ಬ್ಯಾಗ ತಿರುಗಿಸಿ!"

ಕುಳ್ಳಗಿನ ಹೆಂಗಸು. ಎಪ್ಪತ್ತು ದಾಟಿತ್ತು, ಎದುರಿಗಿರುವುದು ಕಾಣುತ್ತಿರಲಿಲ್ಲ. ಎರಡೂ ಕೈ ಎತ್ತಿ ಆ ಫ್ಯಾನನ್ನು ಸೆಳೆದು ಹಿಂದಕ್ಕೆ ಹಾರುತ್ತಿದ್ದರು. ಗರ್ ಎಂದು ಹೊತ್ತಿಕೊಂಡರೆ ಕೋಳಿಗಳೆಲ್ಲ ತೋಟದೊಳಕ್ಕೆ, ಒಣಸೋಗೆ ಬೇಲಿಯಾಚೆ. ಹಗ್ಗ ಬಿಗಿಯಾಗಿ ಜಗ್ಗುತ್ತಿತ್ತು. ಕರು ದೂರದಲ್ಲಿ ತಾಯಿ ಕಂಡಾಗ ಗೂಟ ಜಗ್ಗುತ್ತದಲ್ಲ, ಹಾಗೆ. ಡಾಕ್ಟ್ರಮ್ಮ ರೆಕ್ಕೆಯ ಮೇಲೆ ಅಂಗೈ ಇಟ್ಟು ನಿಂತಿರುತ್ತಿದ್ದರು. ಬಸುರಿಯ ಹೊಟ್ಟೆ ಮೇಲೆ ಕೈ ಇಟ್ಟು ನಿಲ್ಲುತ್ತಿದ್ದದ್ದೂ ಹಾಗೇ, ಮುಖ ಬೇರೆ ಕಡೆ ಮಾಡಿ.

ಒಂದು ದಿನ, "ಮಾರಿಬಿಡ್ತೀನಿ ಕಣೇ" ಎಂದರು. "ನಿಂತಲ್ಲೇ ಕೊಳೆಯುತ್ತೆ. ನಾನಂತೂ ಇನ್ನು ಹಾರಲ್ಲ. ಇದಾದ್ರೂ ಹಾರ್ಲಿ. ಹಾರಿಸೋರಿಗೆ ಮಾತ್ರ ಕೊಡೋದು."

ಮೊದಲು ಬಂದವನು ಕುಣಿಗಲ್ ರಸ್ತೆಯ ಹೋಟೆಲಿನವನು. ಒಳ್ಳೇ ರೈತರ ಮನೆಯ ಹುಡುಗ, ಹೊಸದಾಗಿ ಎರಡಂತಸ್ತಿನ ಹೋಟೆಲ್ ಕಟ್ಟಿಸಿದ್ದ. ವಿಮಾನವನ್ನು ತಾರಸಿಯ ಮೇಲೆ ಕೂರಿಸಿದರೆ ರಸ್ತೆಯಲ್ಲಿ ಹೋಗುವವರೆಲ್ಲ ಗಾಡಿ ನಿಲ್ಲಿಸಿ ಫೋಟೋ ತೆಗೆಸಿಕೊಂಡು ಊಟ ಮಾಡುತ್ತಾರೆ ಎಂದು ಅವನ ಲೆಕ್ಕ.

"ತಾರಸಿ ಮೇಲೆ ಕೂರಿಸೋಕೆ ಇದೇನು ಕೋಳಿನಾ?" ಎಂದರು ಡಾಕ್ಟ್ರಮ್ಮ.

"ನಿಮ್ಮೆಸ್ರು ದೊಡ್ಡ ಬೋರ್ಡಲ್ಲಿ ಹಾಕಿಸ್ತೀನಿ ಮೇಡಂ."

"ನಾನಿನ್ನೂ ಸತ್ತಿಲ್ಲ. ಹೋಗಪ್ಪ, ಹೋಗಿ ಇಡ್ಲಿ ಮೆತ್ತಗೆ ಮಾಡು."

ಅವನು ನನ್ನ ಫೋನ್ ನಂಬರ್ ಬರೆದುಕೊಂಡು ಹೋದ.

ಆಮೇಲೆ ಬಂದವನು ಕಪ್ಪು ಕನ್ನಡಕದವನು. ಸಮುದ್ರದ ಕಡೆಯಲ್ಲೆಲ್ಲೋ ಟೂರಿಗೆ ಬಂದವರನ್ನು ಕೂರಿಸಿಕೊಂಡು ಒಂದು ಸುತ್ತು ಹಾರಿಸಿ ತರುವುದು ಅವನ ಕಸುಬಂತೆ. ಹಾರಿಸುವವನು ಎಂದ ಕೂಡಲೇ ಡಾಕ್ಟ್ರಮ್ಮನ ಮುಖ ಅರಳಿತು. ಮುಖ ಅರಳಿಸಿ ವ್ಯಾಪಾರಕ್ಕೆ ಕೂತರೆ ಕೆಟ್ಟ ಹಾಗೇ. ನಾನು ಸೆರಗು ಸೆಳೆದು ಪಕ್ಕಕ್ಕೆ ಕರೆದೆ.

"ನೀವು ಸುಮ್ಕಿರಿ. ನಾನು ಮಾತಾಡ್ತೀನಿ."

"ಆಯ್ತು. ವ್ಯಾಪಾರ ನೀನು ಮಾಡು. ನಿಜ ನಾನು ಹೇಳ್ತೀನಿ."

ನಮ್ಮ ಕಡೆ ದನದ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಟವೆಲ್ಲಿನ ಅಡಿಯಲ್ಲಿ ಕೈ ಹಿಡಿದು ಬೆರಳು ಅದುಮಿ ಹೇಳುವುದು. ಸುತ್ತ ನಿಂತವರಿಗೆ ಮುಖ ಕಾಣಬೇಕು, ಬೆಲೆ ಕಾಣಬಾರದು. ನಮ್ಮನೆಯವರು ಹೋದ ಮೇಲೆ ನಮ್ಮ ದನ ನಾನೇ ಮಾರುತ್ತಿದ್ದೆ, ಟವೆಲ್ಲಿನ ಬದಲು ಸೆರಗು. ಕನ್ನಡಕದವನಿಗೂ ಸೆರಗಿನಡಿ ಕೈ ಕೊಡು ಎಂದೆ. ಅವನು ಹೆದರಿ ಡಾಕ್ಟ್ರಮ್ಮನ ಮುಖ ನೋಡಿದ.

"ಕೊಡಪ್ಪ. ಕಚ್ಚಲ್ಲ" ಎಂದರು.

ನಾನು ಬೆರಳು ಹಿಡಿದು ಏರಿಸುವುದು, ಡಾಕ್ಟ್ರಮ್ಮ ಹಿಂದಿನಿಂದ ಇಳಿಸುವುದು. "ಬಲಗಡೆ ಚಕ್ರ ಸ್ವಲ್ಪ ಎಳೆಯುತ್ತೆ." ಅವನ ಒಂದು ಬೆರಳು ಮಡಚಿತು. "ಇಂಜಿನ್ ಬಿಸಿಯಾದ್ರೆ ಎಣ್ಣೆ ಕುಡಿಯುತ್ತೆ." ಇನ್ನೊಂದು ಬೆರಳು.

"ಡಾಕ್ಟ್ರಮ್ಮ! ಹಸ ಮಾರೋವಾಗ ಒದೀತದೆ ಅಂತ ಯಾರಾನ ಹೇಳ್ತಾರಾ?"

"ಹಸು ಒದ್ರೆ ಹಲ್ಲು ಹೋಗುತ್ತೆ. ಇದು ಒದ್ರೆ?"

ಹೇಗೋ ಒಂದು ಬೆಲೆಗೆ ಬಂತು. ಎಷ್ಟು ಎಂದು ನಾನು ಯಾರಿಗೂ ಹೇಳಿಲ್ಲ, ಇಲ್ಲೂ ಹೇಳುವುದಿಲ್ಲ. ಮುಂದಿನ ವಾರ ಲಾರಿ ತರುತ್ತೇನೆಂದು ಅವನು ಹೋದ. ಡಾಕ್ಟ್ರಮ್ಮ ಆವತ್ತು ನಮ್ಮ ಮನೆಯಲ್ಲಿ ಕೇಳಿ ಎರಡನೇ ಮುದ್ದೆ ಹಾಕಿಸಿಕೊಂಡು ಉಂಡರು.

ಕೊಡುವ ಹಿಂದಿನ ದಿನ ಹಸುವಿಗೆ ಮೈ ತೊಳೆಯುತ್ತೇವಲ್ಲ, ಹಾಗೇ ವಿಮಾನ ತೊಳೆದೆವು. ನಾನು ಅದರ ಮೂತಿಗೆ ಅರಿಶಿನ ಕುಂಕುಮ ಇಟ್ಟೆ. ಅದರ ರೆಕ್ಕೆ ನಾನಂದುಕೊಂಡ ಹಾಗೆ ತಗಡಲ್ಲ, ಬಟ್ಟೆ. ಬಟ್ಟೆ ಬಿಗಿದು ಬಣ್ಣ ಬಳಿದಿದ್ದಾರೆ. ಒಳಗೆ ಉದ್ದಕ್ಕೆ ಒಂದು ಮರದ ತೊಲೆ. ಮನೆಗೆ ತೊಲೆ ಇದ್ದ ಹಾಗೆ, ಅದರ ಮೇಲೇ ಎಲ್ಲ ಭಾರ. ರೆಕ್ಕೆಯಡಿಯಲ್ಲಿ ಅಲ್ಲಲ್ಲಿ ತಟ್ಟೆಯಗಲದ ಮುಚ್ಚಳ. ತೆಗೆದು ಕೈ ತೂರಿಸಿ ಒಳಗಿರುವುದನ್ನು ಮುಟ್ಟಿ ನೋಡಬಹುದು.

ಡಾಕ್ಟ್ರಮ್ಮ ಒಂದೊಂದೇ ಮುಚ್ಚಳ ತೆಗೆದು ಮೊಣಕೈವರೆಗೆ ಕೈ ಹಾಕುತ್ತಿದ್ದರು. ಕಣ್ಣು ಮುಚ್ಚಿದ್ದರು. ಎಡರೆಕ್ಕೆಯ ಬುಡದಲ್ಲಿ ಕೈ ಹಾಕಿದವರು ನಿಂತುಬಿಟ್ಟರು. ನನಗೆ ಆ ಮುಖ ಗೊತ್ತಿತ್ತು. ಮಗು ಅಡ್ಡ ತಿರುಗಿದೆ ಎಂದು ಗೊತ್ತಾದಾಗ ಆಗುತ್ತಿದ್ದ ಮುಖ.

"ಏನ್ ಡಾಕ್ಟ್ರಮ್ಮ?"

"ಬಿರುಕು. ಕೂದಲಷ್ಟಿದೆ. ಹೋದ ವರ್ಷ ಇರ್ಲಿಲ್ಲ."

ನಾನೂ ಕೈ ಹಾಕಿದೆ. ನನಗೆ ಏನೂ ಸಿಗಲಿಲ್ಲ. ಅವರು ನನ್ನ ತೋರುಬೆರಳು ಹಿಡಿದು ಆ ಜಾಗದ ಮೇಲೆ ಎಳೆದರು. ಆಗ ಉಗುರಿಗೆ ತಗುಲಿತು.

ಮುಚ್ಚಳ ಹಾಕಿದರೆ ಮುಗಿಯಿತು, ಯಾರಿಗೂ ಕಾಣುವುದಿಲ್ಲ. ನನ್ನ ಬಾಯಿಗೂ ಅದೇ ಮಾತು ಬಂದಿತ್ತು. ಆದರೆ ಅಷ್ಟರಲ್ಲಿ ಅವರು ಫೋನ್ ಹಚ್ಚಿ ಕನ್ನಡಕದವನಿಗೆ, "ನಾಳೆ ಲಾರಿ ಬೇಡ. ನೀನೊಬ್ಬನೇ ಬಾ" ಎನ್ನುತ್ತಿದ್ದರು.

ಅವನು ಬಂದ, ಕೈ ಹಾಕಿ ನೋಡಿದ. ಬೇಜಾರು ಮಾಡಿಕೊಳ್ಳಲಿಲ್ಲ. ಅದೇ ನನಗೆ ಸರಿ ಕಾಣಲಿಲ್ಲ.

"ಮೇಡಂ, ಇದೇನು ಹೊರಗೆ ಕಾಣಲ್ಲ. ಅಂಟು ಹಾಕಿ ಒಂದು ಪಟ್ಟಿ ಹೊಡೆಸ್ತೀನಿ. ಮಾತಾಡಿದ ರೇಟಿಗೇ ತಗೋತೀನಿ, ಬಿಡಿ."

"ಪಟ್ಟಿ ಹೊಡೆದ್ರೆ ಆಗಲ್ಲ. ಇಡೀ ತೊಲೆ ಬದಲಾಯಿಸ್ಬೇಕು. ಆ ಮರಾನೂ ಈಗ ಸಿಗಲ್ಲ, ಮಾಡೋ ಕೈನೂ ಸಿಗಲ್ಲ."

"ಅದನ್ನ ನಂಗೆ ಬಿಡಿ ಮೇಡಂ."

"ಮೊದಲನೇ ಸಲ ಪಕ್ಕದ ಸೀಟಲ್ಲಿ ಯಾರನ್ನ ಕೂರಿಸ್ತೀಯ? ನಿನ್ನ ಹೆಂಡತೀನ ಕೂರಿಸ್ತೀಯಾ?"

ಅವನು ನಕ್ಕ. ಕನ್ನಡಕ ತೆಗೆದು ಒರೆಸತೊಡಗಿದ.

ಡಾಕ್ಟ್ರಮ್ಮ ನನ್ನ ಕಡೆ ತಿರುಗಿ, "ಕೊಂಬೆ ಕುಯ್ಯೋ ಗರಗಸ ಇದೆಯಾ?" ಎಂದರು. ಯಾಕೆಂದು ಕೇಳದೆ ತಂದುಕೊಟ್ಟೆ. ಕೇಳಿದ್ದರೆ ಕೊಡುತ್ತಿದ್ದೆನೋ ಇಲ್ಲವೋ.

ಬ್ಯಾಗಿನಿಂದ ಬ್ಲೇಡು ತೆಗೆದು ರೆಕ್ಕೆಯ ಬಟ್ಟೆಯನ್ನು ಬುಡದಲ್ಲಿ ಒಂದೇ ಎಳೆತಕ್ಕೆ ಸೀಳಿದರು. ಹೊಟ್ಟೆ ಕುಯ್ದು ಮಗು ತೆಗೆದ ಕೈ, ಅದಕ್ಕೆ ಎಷ್ಟು ಅಗಲ ಬೇಕೆಂದು ಗೊತ್ತು. ಎರಡು ತುಟಿ ಬಿಡಿಸಿದ ಹಾಗೆ ಬಟ್ಟೆ ಬಿಡಿಸಿ, ಬಿರುಕಿದ್ದ ಜಾಗಕ್ಕೇ ಗರಗಸ ಇಟ್ಟು ತೊಲೆ ಕುಯ್ಯಲು ಶುರು ಮಾಡಿದರು.

"ಮೇಡಂ! ಮೇಡಂ, ಏನ್ ಮಾಡ್ತಿದೀರಾ! ದುಡ್ಡು ಕೊಡ್ತೀನಿ ಅಂತಿದೀನಲ್ರೀ!"

ಅವರು ನಿಲ್ಲಿಸಲಿಲ್ಲ. ಮರ ಒಣಗಿತ್ತು, ಪುಡಿ ಉದುರಿ ಅವರ ಸೀರೆಯ ಮೇಲೆಲ್ಲ ಬಿತ್ತು. ಬೆವರಿದರು, ಏದುಸಿರು ಬಿಟ್ಟರು. ನಾನು ಗರಗಸ ಹಿಡಿಯಲು ಹೋದರೆ ಮೊಣಕೈಯಲ್ಲಿ ತಳ್ಳಿದರು. ತೊಲೆ ಕಟ್ ಎಂದು ಕೂತಾಗ ರೆಕ್ಕೆ ಒಂದು ಗೇಣು ಜೋತುಬಿತ್ತು.

"ನಿನಗೆ ಕೊಡದೆ ಇಟ್ಕೊಂಡ್ರೆ, ನಾನು ಸತ್ತ ಮೇಲೆ ಇನ್ನೊಬ್ಬ ಬಂದು ಪಟ್ಟಿ ಹೊಡೆಸ್ತಾನೆ" ಎಂದರು ಅವನಿಗೆ. "ಇನ್ನು ಯಾರೂ ಹೊಡೆಸಲ್ಲ. ಹೋಗ್ಬಾ."

ಅವನು ಕನ್ನಡಕ ಹಾಕಿಕೊಂಡು ಹೋದ. ಡಾಕ್ಟ್ರಮ್ಮ ಕಾಯಿ ರಾಶಿಯ ಮೇಲೆ ಕೂತು ಸೀರೆಯ ಮೇಲಿನ ಮರದ ಪುಡಿ ಕೊಡವಿಕೊಂಡರು. ಅಳುತ್ತಾರೇನೋ ಎಂದು ನೋಡಿದೆ. ಅಳಲಿಲ್ಲ. ನಾನು ದೇವರ ಮುಂದೆಯೂ ಲೆಕ್ಕಾಚಾರ ಬಿಡದವಳು. ಆದರೆ ಅವತ್ತು ಆ ಹೆಂಗಸಿನ ಪಕ್ಕ ಕೂರಲು ಆಗದೆ ನಿಂತೇ ಇದ್ದೆ. ಅದು ಹಾರಲಿ ಎಂದು ಇದ್ದ ಒಂದೇ ಆಸೆ, ಅದನ್ನು ತಮ್ಮ ಕೈಯಾರೆ ಕುಯ್ದು ಕೂತಿದ್ದರು.

ಸ್ವಲ್ಪ ಹೊತ್ತಾದ ಮೇಲೆ, "ಆ ಇಡ್ಲಿಯವನಿಗೆ ಫೋನ್ ಮಾಡು" ಎಂದರು.

ಹೋಟೆಲಿನವನು ಮಾರನೇ ದಿನವೇ ಓಡಿ ಬಂದ. ಹಳೆಯದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರಲಿಲ್ಲ. ಡಾಕ್ಟ್ರಮ್ಮ ಅವನಿಗೂ ಕುಯ್ದ ಜಾಗ ತೋರಿಸಿ, "ಇದು ಹಾರಲ್ಲ. ಯಾರಾದ್ರೂ ಕೇಳಿದ್ರೆ ಹಾಗೇ ಹೇಳು" ಎಂದರು.

"ನಮ್ಮಲ್ಲಿ ಹಾರಿ ಎಲ್ಲಿಗೋಗ್ಬೇಕು ಮೇಡಂ? ಕೆಳಗಡೆ ಊಟ ಐತಲ್ಲ."

ಆಗ ಅವರು ನಕ್ಕರು.

ಲಾರಿಗೆ ಏರಿಸುವಾಗ ನಾನು ಹಗ್ಗಗಳನ್ನೆಲ್ಲ ಬಿಚ್ಚಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡೆ. ಹಸು ಮಾರಿದರೆ ಹಗ್ಗ ಕೊಡುವುದಿಲ್ಲ ನಾವು. ಹಗ್ಗ ಹೋದರೆ ಕೊಟ್ಟಿಗೆಯ ಏಳಿಗೆಯೂ ಅದರ ಹಿಂದೆ ಹೋಗುತ್ತದೆ. ಕೊಂಡವರು ತಮ್ಮ ಹಗ್ಗ ತಂದು ಹೊಡೆದುಕೊಂಡು ಹೋಗಬೇಕು.

"ಅದನ್ನೂ ಕೊಟ್ಬಿಡೇ, ಅಲ್ಲಿ ಕಟ್ಟಬೇಕು" ಎಂದರು ಡಾಕ್ಟ್ರಮ್ಮ.

"ಎಲ್ಲಾರ ಉಂಟಾ? ಹಗ್ಗ ಕೊಡಕಿಲ್ಲ."

ಹೋಟೆಲಿನವನೂ, "ಅಮ್ಮ ಹೇಳೋದು ಸರಿ ಮೇಡಂ. ಹಗ್ಗ ಯಾರು ಕೇಳಿ ಇಸ್ಕೋತಾರೆ? ನಮ್ದೇ ಕಟ್ಕೋತೀವಿ" ಎಂದ. ಇಬ್ಬರು ರೈತರ ಮಧ್ಯೆ ಡಾಕ್ಟ್ರಮ್ಮ ಏನು ಮಾಡುತ್ತಾರೆ?

ಅವನು ಕಟ್ಟಿದ್ದು ಟಾರ್ಪಾಲಿನ ಪ್ಲಾಸ್ಟಿಕ್ ದಾರ. ರೆಕ್ಕೆಗೆ ಕಬ್ಬಿಣದ ಪಟ್ಟಿ ಕೊಟ್ಟು ನೆಟ್ಟಗೆ ನಿಲ್ಲಿಸಿದ್ದ, ಚಕ್ರಕ್ಕೆ ಇಟ್ಟಿಗೆ ಇಟ್ಟಿದ್ದ. ಇಷ್ಟು ದೊಡ್ಡದು ಎಲ್ಲಿಗೆ ಹೋಗುತ್ತದೆ ಎಂಬ ಧೈರ್ಯ. ಮಳೆಗಾಲಕ್ಕೆ ಮುಂಚಿನ ಗಾಳಿ ಎದ್ದ ದಿನ ಅವನ ಫೋನ್ ಬಂತು.

"ಅಮ್ಮೋ! ನಿಮ್ ವಿಮಾನ ಏಳ್ತಾ ಐತೆ! ದಾರ ಕಿತ್ತೋಗದೆ! ಊಟಕ್ಕೆ ಕೂತಿದ್ದೋರೆಲ್ಲ ತಟ್ಟೆ ಬುಟ್ಟು ರಸ್ತೆಗೆ ಓಡೋದ್ರು!"

ಮಗನ ಗೂಡ್ಸ್ ಗಾಡಿ ಹತ್ತಿ, ಗುಬ್ಬಿಯಲ್ಲಿ ಡಾಕ್ಟ್ರಮ್ಮನನ್ನು ಕೂರಿಸಿಕೊಂಡು ಹೊರಟೆವು. ಹೊರಡುವಾಗ ನಾನು ಗೋಡೆಗೆ ನೇತುಹಾಕಿದ್ದ ಹಗ್ಗ ತೆಗೆದು ಮಡಿಲಲ್ಲಿ ಇಟ್ಟುಕೊಂಡೆ. ಡಾಕ್ಟ್ರಮ್ಮ ಅದನ್ನು ಮುಟ್ಟಿ ನೋಡಿ, "ಏನೇ, ಕೊಟ್ಟಿಗೆ ಏಳಿಗೆ?" ಎಂದರು.

"ನೋಡ್ಕೊಳ್ಳಾಣ, ಬುಡಿ" ಎಂದೆ.

ನಾವು ಹೋಗುವ ಹೊತ್ತಿಗೆ ಗಾಳಿ ಬಿಟ್ಟು ಬಿಟ್ಟು ಬೀಸುತ್ತಿತ್ತು. ವಿಮಾನ ತಾರಸಿಯ ಮೇಲೆ ಓರೆಯಾಗಿ ಸರಿದು ನಿಂತಿತ್ತು. ಡಾಕ್ಟ್ರಮ್ಮ ಕಬ್ಬಿಣದ ಮೆಟ್ಟಿಲನ್ನು ಕೈಯಲ್ಲಿ ತಡವುತ್ತಾ ಹತ್ತಿದರು. ಬಾಲ, ಬಲರೆಕ್ಕೆ, ಎರಡಕ್ಕೂ ಹಗ್ಗ ಹಾಕಿ ತಾರಸಿಯ ಕಬ್ಬಿಣದ ಕೊಂಡಿಗಳಿಗೆ ಗಂಟು ಬಿಗಿದರು. ಎಡರೆಕ್ಕೆಗೆ ಬರುವಷ್ಟರಲ್ಲಿ ಮತ್ತೆ ಗಾಳಿ ಬಂತು. ಹೋಟೆಲಿನವನೂ ನನ್ನ ಮಗನೂ ರೆಕ್ಕೆ ಹಿಡಿಯಲು ಓಡಿದರು.

"ಹಿಡೀಬೇಡಿ! ಸ್ವಲ್ಪ ಬಿಡಿ" ಎಂದರು.

ಅವರು ಹೋಗಿ ತಮ್ಮ ಅಂಗೈ ರೆಕ್ಕೆಯಡಿಗೆ ಇಟ್ಟರು, ಅಷ್ಟೇ. ಗಾಳಿ ತುಂಬಿಕೊಂಡಿತು. ನನ್ನ ಕಣ್ಣೆದುರಿಗೇ ಎಡಗಡೆಯ ಚಕ್ರ ತಾರಸಿ ಬಿಟ್ಟು ಮೇಲೆದ್ದಿತು. ಒಂದು ಗೇಣು, ಇನ್ನೂ ಸ್ವಲ್ಪ. ಡಾಕ್ಟ್ರಮ್ಮನ ಕೈ ಅದರ ಜೊತೆಗೇ ಮೇಲೆ ಹೋಯಿತು. ಬಿಳಿ ತಲೆ ಕೆದರಿ ಮುಖದ ತುಂಬ. ಅವರು ಒಂಟಿಕಾಲಲ್ಲಿ ತುದಿಬೆರಳ ಮೇಲೆ ನಿಂತಿದ್ದರು. ನಾನು ಕೈ ಮುಗಿದೆನೋ ಏನೋ, ಮಗ ಹಾಗೆ ಹೇಳುತ್ತಾನೆ.

ಗಾಳಿ ಇಳಿಯಿತು, ಚಕ್ರ ಮೆಲ್ಲಗೆ ಕೂತಿತು. ಅವರು ಹಗ್ಗಕ್ಕೆ ಕೈ ಚಾಚಿದರು.

"ನೋಡಿದ್ಯಾ?" ಎಂದರು. "ತೊಲೆ ಕುಯ್ದಿದ್ದು ಅದಕ್ಕಿನ್ನೂ ಗೊತ್ತಾಗಿಲ್ಲ."

ಮತ್ತೆ ಅವರು ಆ ತಾರಸಿ ಹತ್ತಲಿಲ್ಲ. ಹೋಟೆಲಿಗೆ ಹೋದಾಗಲೆಲ್ಲ ಕೆಳಗೇ ಕೂತು, ಇಡ್ಲಿ ಇನ್ನೂ ಗಟ್ಟಿ ಎಂದು ಬೈದು ಬರುತ್ತಿದ್ದರು.

ಸಭೆ ಮುಗಿದ ಮೇಲೆ ನಾನು ಮಗನಿಗೆ ಗಾಡಿಯನ್ನು ಕುಣಿಗಲ್ ಕಡೆ ತಿರುಗಿಸು ಎಂದೆ. ತಾರಸಿ ಹತ್ತಿ ಹಗ್ಗ ನೋಡಿದೆ. ಬಾಲದ್ದು ಪರವಾಗಿಲ್ಲ. ರೆಕ್ಕೆಯದು ಎರಡೂ ಕೊಂಡಿಗೆ ಉಜ್ಜಿ ಉಜ್ಜಿ ಸವೆದು ನಾರೆದ್ದಿತ್ತು. ದನ ಸಾಕಿದವಳು ನಾನು. ಕಟ್ಟಿದ್ದು ಸುಮ್ಮನೆ ನಿಂತಿದ್ದರೆ ಹಗ್ಗ ಹಾಗೆ ಸವೆಯುವುದಿಲ್ಲ.

ಮನೆಯಿಂದ ತಂದಿದ್ದ ಹೊಸ ಹಗ್ಗ ಬಿಗಿದು, ಹೋಟೆಲಿನವನಿಗೆ ವರ್ಷ ವರ್ಷ ಬದಲಾಯಿಸಬೇಕೆಂದು ಹೇಳಿ, ಇಳಿದು ಬಂದೆ.